ಕಾಲುಮಗ್ಗಿಯ ಕಾಲ

ಕಳೆದ ಬೇಸಿಗೆಯಲ್ಲಿ ಮಿರ್ಜಾನಕ್ಕೆ ಹೋಗಿದ್ದೆ. ಕೋಟೆಯನ್ನು ನೋಡಿ ಹಿಂದಿರುಗುವಾಗ ಪರಿಚಿತರೊಬ್ಬರ ಮನೆಯ ಜಗಲಿಯಲ್ಲಿ ಕುಳಿತೆ. ಮಾತು ಮಕ್ಕಳ ಓದಿನತ್ತ ಹೊರಳಿತು.

"ಮಾಸ್ತರರೇ, ನಮ್ಮ ಅಜ್ಜ ಅಡಿಕೆಯ ಲೆಕ್ಕವನ್ನೆಲ್ಲ ಬಾಯಲ್ಲೇ ಮುಗಿಸುತ್ತಿದ್ದರು. ನಾಲ್ಕನೆಯ ಇಯತ್ತೆಯ ಈ ಹುಡುಗ ಏಳರ ಮಗ್ಗಿಗೇ ತಡವರಿಸುತ್ತಾನೆ. ಈಗಿನ ಶಾಲೆಯಲ್ಲಿ ಕಲಿಸುವುದಾದರೂ ಏನು?" ಎಂದು ಅವರು ಕೇಳಿದರು.

ನಾನು ಕೂಡಲೇ ಉತ್ತರ ಕೊಡಲಿಲ್ಲ. ಆ ಪ್ರಶ್ನೆಗೆ ಇನ್ನೂರು ವರ್ಷಗಳ ಹಿನ್ನೆಲೆಯುಂಟು.

1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಪ್ರಾಂತದ ದೇಶೀ ಶಾಲೆಗಳ ವಿವರವನ್ನು ಕಲೆಕ್ಟರುಗಳಿಂದ ಕೇಳಿದನು. ಮಿರ್ಜಾನವೂ ಸೇರಿದ್ದ ಅಂದಿನ ಕೆನರಾ ಜಿಲ್ಲೆಯಿಂದ ಅಂಕಿಅಂಶಗಳು ಹೋಗಲಿಲ್ಲ. ಇಲ್ಲಿ ಸ್ಥಿರವಾದ ಶಾಲೆಗಳಿಲ್ಲ, ವಿದ್ಯಾಭ್ಯಾಸ ಖಾಸಗಿಯಾಗಿ ನಡೆಯುತ್ತದೆ ಎಂಬ ಉತ್ತರವಷ್ಟೇ ಹೋಯಿತು.

ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರಲ್ಲಿ ಕಳುಹಿಸಿದ ವರದಿಯಾದರೋ ವಿವರವಾಗಿದೆ. ಅಲ್ಲಿನ ಹುಡುಗರು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ದಿನಕ್ಕೆರಡು ಸಲ ಸಾಲಾಗಿ ನಿಂತು ಮಗ್ಗಿಗಳನ್ನೂ ತೂಕ ಅಳತೆಗಳ ಕೋಷ್ಟಕಗಳನ್ನೂ ಒಪ್ಪಿಸುತ್ತಿದ್ದರು. ಭಿನ್ನರಾಶಿಗಳು ಹತ್ತರಿಂದಲ್ಲ, ನಾಲ್ಕರಿಂದ ಭಾಗವಾಗುತ್ತ ಇಳಿಯುತ್ತಿದ್ದವು. ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ: ಹುಡುಗರು ಪದ್ಯಗಳನ್ನು ಗಿಳಿಗಳಂತೆ ಒಪ್ಪಿಸುತ್ತಾರೆ, ಅರ್ಥ ಮಾತ್ರ ತಿಳಿಯದು. ಬಾಯಿಪಾಠವೋ ಅರ್ಥವೋ ಎಂಬ ವಾದ ಇಂದಿನದಲ್ಲ.

ಕಾಲು, ಅರೆ, ಮುಕ್ಕಾಲು ಮಗ್ಗಿಗಳಿಗೆ ಆಗ ಕಾರಣವಿತ್ತು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಸೇರಿಗೆ ಹತ್ತಾಣೆಯಾದರೆ ಪಾವು ಸೇರಿಗೆ ಎಷ್ಟೆಂದು ಕಾಲುಮಗ್ಗಿ ಬಲ್ಲವನು ತಟ್ಟನೆ ಹೇಳುತ್ತಿದ್ದನು: ಎರಡೂವರೆ. ಬಾರದವನು ಅಂಗಡಿಯವನ ಮಾತನ್ನೇ ನಂಬಬೇಕಿತ್ತು. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದಿತು. ಹಿಂದೆಯೇ ಕಿಲೋಗ್ರಾಂ ಬಂದಿತು. ಕಾಲುಮಗ್ಗಿಯ ಅಗತ್ಯ ಕುಗ್ಗಿತು. ಅದನ್ನು ಕೇವಲ ಮಾಸ್ತರರ ಸೋಮಾರಿತನವೆನ್ನಲಾಗದು.

ಈ ಅಳಲು ನಮ್ಮೂರಿಗಷ್ಟೇ ಸೀಮಿತವೂ ಅಲ್ಲ. ಅಮೆರಿಕದಲ್ಲಿ 1960ರ ದಶಕದಲ್ಲಿ 'ಹೊಸ ಗಣಿತ'ವೆಂದು ಎಳೆಯ ಮಕ್ಕಳಿಗೆ ಗಣಗಳ ಸಿದ್ಧಾಂತವನ್ನು ಕಲಿಸತೊಡಗಿದಾಗ ಮಕ್ಕಳಿಗೆ ಕೂಡಿಸಲೂ ಬಾರದೆಂದು ತಂದೆತಾಯಿಗಳು ದೂರಿದರು. ಗಣಿತಜ್ಞ ಮಾರಿಸ್ ಕ್ಲೈನ್ 1973ರಲ್ಲಿ ಅದನ್ನು ಖಂಡಿಸಿ ಪುಸ್ತಕವನ್ನೇ ಬರೆದನು. ನಮ್ಮಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ 'ನಲಿ-ಕಲಿ' ಪದ್ಧತಿ ಕಾರ್ಡು, ಆಟಗಳ ಮೂಲಕ ಅರ್ಥಕ್ಕೆ ಒತ್ತು ಕೊಟ್ಟಿತು. ಮಗು ನಲಿಯಿತು, ಲೆಕ್ಕ ಬಂತೇ ಎಂಬ ಸಂದೇಹ ಹೆತ್ತವರಿಗೆ ಬರುವುದು ಸಹಜ.

ಜಗಲಿಯಲ್ಲಿ ನಾನು ಹುಡುಗನನ್ನೇ ಕರೆದೆ. "ಕುಮಟೆಯ ಈರುಳ್ಳಿ ಕಿಲೋಗೆ 60 ರೂಪಾಯಿ. ಮುಕ್ಕಾಲು ಕಿಲೋಗೆ ಎಷ್ಟೋ?" ಅವನು ಕಣ್ಣು ಮುಚ್ಚಿದನು. "ಅರ್ಧಕ್ಕೆ ಮೂವತ್ತು, ಕಾಲಿಗೆ ಹದಿನೈದು. ನಲವತ್ತೈದು."

ತಂದೆ ನನ್ನ ಮುಖ ನೋಡಿದರು. ಅವರಜ್ಜನ ದಾರಿಯಲ್ಲಿಯೇ ಹುಡುಗ ನಡೆದಿದ್ದನು, ಕಾಲುಮಗ್ಗಿಯ ಹೆಸರನ್ನೂ ಕೇಳದೆ. ಆದರೆ "ಏಳೆಂಟಲೆ?" ಎಂದಾಗ ಮತ್ತೆ ತಡವರಿಸಿದನು. ತಂದೆಯ ಆತಂಕವೂ ಸುಳ್ಳಲ್ಲ. ಮಗ್ಗಿ ನಾಲಗೆಯ ಮೇಲಿದ್ದರೆ ಮನಸ್ಸು ಮುಂದಿನ ಹೆಜ್ಜೆಗೆ ಬಿಡುವಾಗಿರುತ್ತದೆ; ಇಲ್ಲವಾದರೆ ದೊಡ್ಡ ಲೆಕ್ಕದ ನಡುವೆ ಅದು ಅಲ್ಲೇ ತೊಡಕಿಕೊಳ್ಳುತ್ತದೆ. ಲೆಕ್ಕ ಬಾರದವನು ಇಂದಿಗೂ ಬೇರೆಯವರು ಬರೆದ ಚೀಟಿಗೆ ಸಹಿ ಹಾಕಬೇಕಾದವನೇ.

"ಶಾಲೆ ಅರ್ಥ ಕಲಿಸಿದೆ. ಸಂಜೆ ಹತ್ತು ನಿಮಿಷ ಮಗ್ಗಿಯನ್ನು ನೀವು ಹೇಳಿಸಿರಿ" ಎಂದೆ. ಹೊರಟು ಬೇಲಿ ದಾಟುವಷ್ಟರಲ್ಲಿ ಹಿಂದಿನಿಂದ ಎರಡು ದನಿಗಳು ಕೇಳಿಸಿದವು: "ಏಳೊಂದಲೆ ಏಳು..."