ಲೂಯಿಸಿಯಾನಾದಲ್ಲಿ ಅಮೆರಿಕ ಕೊಂಡದ್ದೇನು?

1803ರ ಏಪ್ರಿಲ್ 30ರ ಪ್ಯಾರಿಸ್ ಒಪ್ಪಂದವನ್ನು ಜಗತ್ತಿನ ಅತ್ಯಂತ ಅಗ್ಗದ ಭೂವ್ಯವಹಾರವೆಂದು ಇತಿಹಾಸದ ಪಠ್ಯಗಳು ಬಣ್ಣಿಸುತ್ತ ಬಂದಿವೆ. ಸ್ವಾತಂತ್ರ್ಯ ಘೋಷಿಸಿ ಮೂವತ್ತು ವರ್ಷವೂ ತುಂಬದ ಗಣರಾಜ್ಯವೊಂದು ಫ್ರಾನ್ಸಿಗೆ 1.5 ಕೋಟಿ ಡಾಲರ್ ತೆತ್ತು, ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ ಸುಮಾರು 21 ಲಕ್ಷ ಚದರ ಕಿಲೋಮೀಟರ್ ನೆಲ ಕೊಂಡಿತು. ಎಕರೆಗೆ ಬಿದ್ದದ್ದು ಸುಮಾರು 3 ಸೆಂಟ್. ಮರುವರ್ಷ ಮೆರಿವೆದರ್ ಲೂಯಿಸ್ ಮತ್ತು ವಿಲಿಯಂ ಕ್ಲಾರ್ಕ್ ಕೊಂಡ ನೆಲವನ್ನು ನೋಡಿಬರಲು ಹೊರಟರು. ಇದು ಆ ಕಥೆಯ ಸಾರ. ಈ ಕಥೆಯ ತಳಹದಿಯೇ ತಪ್ಪು ಎಂಬುದು ಈ ಲೇಖನದ ವಾದ. ಪ್ಯಾರಿಸ್ಸಿನಲ್ಲಿ ಕೈಬದಲಾದದ್ದು ನೆಲದ ಒಡೆತನವಲ್ಲ. ಆ ನೆಲದಲ್ಲಿ ಬಾಳುತ್ತಿದ್ದ ಮೂಲನಿವಾಸಿ ರಾಷ್ಟ್ರಗಳ ಜೊತೆ ಬೇರೆ ಯಾವ ಯುರೋಪಿಯನ್ ಶಕ್ತಿಯೂ ಅಡ್ಡಬಾರದಂತೆ ವ್ಯವಹರಿಸುವ ಏಕಸ್ವಾಮ್ಯ. ಪಕ್ಕದ ಹೊಲವನ್ನು ಯಜಮಾನ ಎಂದಾದರೂ ಮಾರಿದರೆ ತನಗೇ ಮಾರಬೇಕೆಂಬ ಹಕ್ಕನ್ನು ಊರಿನ ಇನ್ನೊಬ್ಬನಿಂದ ದುಡ್ಡು ಕೊಟ್ಟು ಪಡೆದಂತೆ. ನೆಲದ ನಿಜವಾದ ಖರೀದಿ, ಕಬಳಿಕೆ, ಯುದ್ಧಗಳೆಲ್ಲ ಮುಂದಿನ ಮುಕ್ಕಾಲು ಶತಮಾನ ನಡೆದವು, ಅವುಗಳ ಲೆಕ್ಕವನ್ನು ಆ ಮೂರು ಸೆಂಟಿನೊಳಗೆ ಯಾರೂ ಸೇರಿಸುವುದಿಲ್ಲ.

ಮಾರಿದವನ ಕೈಯಲ್ಲಿ ಏನಿತ್ತು ಎಂಬುದನ್ನು ಮೊದಲು ನೋಡಬೇಕು. 1800ರ ಸಾನ್ ಇಲ್ಡೆಫೊನ್ಸೊ ಗುಪ್ತ ಒಪ್ಪಂದದ ಮೂಲಕ ನೆಪೋಲಿಯನ್ ಲೂಯಿಸಿಯಾನಾವನ್ನು ಸ್ಪೇನಿನಿಂದ ಮರಳಿ ಪಡೆಯುವ ವ್ಯವಸ್ಥೆ ಮಾಡಿಕೊಂಡಿದ್ದ. ಆದರೆ ಇಂದು ಹೈಟಿ ಎನಿಸಿರುವ ಸೇಂಟ್ ಡೊಮಿಂಗ್‌ನ ಬಂಡೆದ್ದ ಕರಿಯರು ಮತ್ತು ಹಳದಿ ಜ್ವರ ಸೇರಿ ಅವನ ಸೈನ್ಯವನ್ನು ನುಂಗಿಹಾಕಿದವು; ಸೇನಾನಿ ಲೆಕ್ಲರ್ಕ್ 1802ರ ನವೆಂಬರಿನಲ್ಲಿ ಅಲ್ಲೇ ಸತ್ತ. ಸಕ್ಕರೆಯ ದ್ವೀಪ ಕೈತಪ್ಪಿದ ಮೇಲೆ ಅದಕ್ಕೆ ಕಾಳು ಒದಗಿಸಬೇಕಿದ್ದ ಲೂಯಿಸಿಯಾನಾ ಅವನಿಗೆ ಬೇಡವಾಯಿತು. ಹೈಟಿಯ ಗುಲಾಮರ ಹೋರಾಟವಿಲ್ಲದೆ ಈ ವ್ಯವಹಾರ ಕುದುರುತ್ತಿರಲಿಲ್ಲ ಎಂಬುದನ್ನು ಅಮೆರಿಕದ ಜನಪ್ರಿಯ ಇತಿಹಾಸಗಳು ಇಂದಿಗೂ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ, ಇದು ಅನ್ಯಾಯ. ಫ್ರಾನ್ಸ್ ನ್ಯೂ ಆರ್ಲಿಯನ್ಸಿನಲ್ಲಿ ವಿಧಿವತ್ತಾಗಿ ಅಧಿಕಾರ ವಹಿಸಿಕೊಂಡದ್ದು 1803ರ ನವೆಂಬರ್ 30ರಂದು, ಅದನ್ನು ಅಮೆರಿಕಕ್ಕೆ ಒಪ್ಪಿಸಿದ್ದು ಡಿಸೆಂಬರ್ 20ರಂದು. ಇಪ್ಪತ್ತು ದಿನಗಳ ಆ ಆಳ್ವಿಕೆಯಲ್ಲಿ, ಮಿಸೌರಿ ನದಿಯ ಮೇಲ್ಭಾಗದ ಲಕೋಟಾ, ಮಂಡನ್, ಹಿಡಾಟ್ಸಾ ಊರುಗಳಲ್ಲಿ ಫ್ರೆಂಚ್ ಕಾನೂನು, ಫ್ರೆಂಚ್ ತೆರಿಗೆ, ಫ್ರೆಂಚ್ ಕಾವಲುಪಡೆ ಯಾವುದೂ ಇರಲಿಲ್ಲ. ಹಿಂದಿನ ಸ್ಪೇನಿನ ಅಧಿಕಾರವೂ ಸೇಂಟ್ ಲೂಯಿಸಿನಿಂದ ಹೊರಟ ವ್ಯಾಪಾರಿಗಳ ದೋಣಿ ಮುಟ್ಟಿದಷ್ಟೇ ದೂರ ಇತ್ತು. ಇಲ್ಲದ ಒಡೆತನವನ್ನು ಮಾರಲಾಗದು ಎಂಬ ಅರಿವು ಒಪ್ಪಂದ ಬರೆದವರಿಗೂ ಇತ್ತು. ಅದರ ಆರನೆಯ ವಿಧಿಯ ಪ್ರಕಾರ, ಸ್ಪೇನ್ ಮತ್ತು ಬುಡಕಟ್ಟು ರಾಷ್ಟ್ರಗಳ ನಡುವೆ ಆಗಿದ್ದ ಒಪ್ಪಂದಗಳನ್ನು ಅಮೆರಿಕ ಪಾಲಿಸಬೇಕು. ಅವುಗಳ ಜಾಗದಲ್ಲಿ ಬೇರೆ ಒಪ್ಪಂದ ಬರಬೇಕಾದರೆ ಎರಡೂ ಕಡೆಯ ಸಮ್ಮತಿ ಬೇಕು. ಖಾಲಿ ಜಮೀನಿನ ಕ್ರಯಪತ್ರದಲ್ಲಿ ಇಂಥ ಷರತ್ತಿಗೆ ಜಾಗವಿರುವುದಿಲ್ಲ.

ಥಾಮಸ್ ಜೆಫರ್ಸನ್ನಿಗೆ ಇದು ಚೆನ್ನಾಗಿ ತಿಳಿದಿತ್ತು. ವಿದೇಶಾಂಗ ಸಚಿವನಾಗಿದ್ದ 1792ರಲ್ಲೇ, ಬ್ರಿಟಿಷ್ ರಾಯಭಾರಿ ಹ್ಯಾಮಂಡ್ ಜೊತೆಗಿನ ಮಾತುಕತೆಯಲ್ಲಿ, ಮೂಲನಿವಾಸಿಗಳ ನೆಲದ ಮೇಲೆ ಅಮೆರಿಕಕ್ಕಿರುವುದು ಅವರು ಮಾರಲು ಒಪ್ಪಿದಾಗ ಕೊಳ್ಳುವ ಏಕೈಕ ಹಕ್ಕು ಎಂದು ಅವನು ವಿವರಿಸಿದ್ದ. 1804ರ ಜನವರಿ 22ರಂದು, ದಂಡಯಾತ್ರೆಗೆ ಸಿದ್ಧನಾಗುತ್ತಿದ್ದ ಲೂಯಿಸನಿಗೆ ಬರೆದ ಪತ್ರದಲ್ಲಿ ಇದೇ ಮಾತು ಇನ್ನೂ ಸ್ಪಷ್ಟವಾಗಿ ಬರುತ್ತದೆ: ನಾವೀಗ ಆ ದೇಶದ ಸಾರ್ವಭೌಮರು, ಆದರೆ ಇಂಡಿಯನ್ನರ ವಾಸದ ಹಕ್ಕಿಗೆ ಇದರಿಂದ ಯಾವ ಕುಂದೂ ಇಲ್ಲ, ಅವರ ಜೊತೆ ವ್ಯಾಪಾರದ ಮಾತನ್ನು ಇನ್ನು ನೇರವಾಗಿ ಎತ್ತಬಹುದು ಎಂಬುದು ಅದರ ತಾತ್ಪರ್ಯ. ಸಾರ್ವಭೌಮತ್ವ ಒಂದು, ವಾಸದ ಹಕ್ಕು ಇನ್ನೊಂದು ಎಂಬ ಭೇದವನ್ನು ಅಧ್ಯಕ್ಷನೇ ಬರೆದಿಟ್ಟಿರುವಾಗ, ಎರಡನ್ನೂ ಒಂದೇ ಬೆಲೆಗೆ ಕೊಳ್ಳಲಾಯಿತು ಎನ್ನುವುದು ದಾಖಲೆಗೆ ಎದುರಾಗಿ ನಿಲ್ಲುವ ಮಾತು. ಇದರಿಂದ ಜೆಫರ್ಸನ್ನನ ಮನಸ್ಸು ಮೃದುವಾಗಿತ್ತೆಂದು ತಿಳಿಯಬೇಕಿಲ್ಲ. 1803ರ ಫೆಬ್ರುವರಿ 27ರಂದು ಇಂಡಿಯಾನಾ ಪ್ರಾಂತ್ಯದ ಗವರ್ನರ್ ವಿಲಿಯಂ ಹೆನ್ರಿ ಹ್ಯಾರಿಸನ್ನನಿಗೆ ಬರೆದ ಖಾಸಗಿ ಪತ್ರದಲ್ಲಿ ಅವನು ಉಪಾಯ ಹೇಳಿಕೊಟ್ಟ: ಬುಡಕಟ್ಟುಗಳ ಪ್ರಭಾವಿ ಮುಖಂಡರು ಸರ್ಕಾರಿ ವ್ಯಾಪಾರ ಮಳಿಗೆಗಳಲ್ಲಿ ಸಾಲದಲ್ಲಿ ಮುಳುಗಲಿ, ತೀರಿಸಲಾಗದೆ ನೆಲ ಬಿಟ್ಟುಕೊಡಲಿ. ಹಕ್ಕು ಅವರದೆಂದು ಒಪ್ಪಿಕೊಂಡವನೇ ಅದನ್ನು ಕಳಚುವ ದಾರಿಯನ್ನೂ ಹುಡುಕುತ್ತಿದ್ದ.

ಈ ಬೆಳಕಿನಲ್ಲಿ ಲೂಯಿಸ್–ಕ್ಲಾರ್ಕ್ ಯಾತ್ರೆಯ ಸ್ವರೂಪವೇ ಬೇರೆಯಾಗಿ ಕಾಣುತ್ತದೆ. 1804ರ ಮೇ 14ರಂದು ಹೊರಟ ತಂಡ ಆಗಸ್ಟ್ 3ರಂದು ಓಟೋ ಮತ್ತು ಮಿಸೌರಿ ಜನರ ಮುಂದೆ ಮಾಡಿದ ಭಾಷಣದಲ್ಲಿ ಗಿಡಮರಗಳ ಮಾತಿರಲಿಲ್ಲ. ಹಳೆಯ ಫ್ರೆಂಚ್, ಸ್ಪ್ಯಾನಿಷ್ ಪಿತರು ಹೋದರು, ಈಗ ನಿಮ್ಮ ಮಹಾಪಿತ ವಾಷಿಂಗ್ಟನ್ನಿನಲ್ಲಿದ್ದಾನೆ, ಹಳೆಯ ಬಾವುಟ ಪದಕಗಳನ್ನು ಒಪ್ಪಿಸಿ ಹೊಸವನ್ನು ಧರಿಸಿ ಎಂಬುದು ಅದರ ತಿರುಳು. ಜೆಫರ್ಸನ್ನನ ಮುಖವಿದ್ದ ಪದಕಗಳು ನದಿಯುದ್ದಕ್ಕೂ ಹಂಚಿಕೆಯಾದವು. ಇದು ಹೊಸ ಏಕಸ್ವಾಮ್ಯದ ಡಂಗುರ. ಅದಕ್ಕೆ ತಲೆಬಾಗದವರೂ ಇದ್ದರು. ಮಿಸೌರಿಯ ವ್ಯಾಪಾರವನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಟೀಟನ್ ಲಕೋಟಾ ಸೆಪ್ಟೆಂಬರ್ 25ರಂದು ದೋಣಿಯ ಹಗ್ಗವನ್ನೇ ಹಿಡಿದು ನಿಲ್ಲಿಸಿದರು. ಬಿಲ್ಲು, ಬಂದೂಕುಗಳು ಎದುರಾಬದುರಾದವು. ಮಂಡನ್ ಮುಖಂಡ ಶೆಹೆಕೆ 1806ರಲ್ಲಿ ಯಾತ್ರಿಕರ ಜೊತೆ ಪೂರ್ವಕ್ಕೆ ಹೋದ. ಮರುವರ್ಷ ಅವನನ್ನು ಮನೆ ಮುಟ್ಟಿಸಲು ಹೊರಟ ಸರ್ಕಾರಿ ತಂಡವನ್ನು ಅರಿಕರಾ ಜನ ಹೊಡೆದೋಡಿಸಿದರು. ಅವರ ಮುಖಂಡನೊಬ್ಬ ವಾಷಿಂಗ್ಟನ್ನಿಗೆ ಹೋದವನು ಹಿಂದಿರುಗದೆ ಅಲ್ಲೇ ಸತ್ತಿದ್ದ. ಕೊನೆಗೆ ಶೆಹೆಕೆ ಊರು ಸೇರಿದ್ದು 1809ರಲ್ಲಿ, 7,000 ಡಾಲರಿನ ಗುತ್ತಿಗೆ ಪಡೆದ ತುಪ್ಪಳ ಕಂಪನಿಯೊಂದರ ಸಶಸ್ತ್ರ ತಂಡದೊಂದಿಗೆ. ತಾನು ‘ಕೊಂಡ’ ನದಿಯಲ್ಲಿ ಒಬ್ಬ ಅತಿಥಿಯನ್ನು ಮನೆಗೆ ಕಳುಹಿಸಲು ಒಂದು ರಾಷ್ಟ್ರಕ್ಕೆ ಮೂರು ವರ್ಷ ಹಿಡಿಯಿತು.

ಯಾತ್ರೆಯ ವೈಜ್ಞಾನಿಕ ಮುಖವನ್ನು ನಾನು ಕಡೆಗಣಿಸುತ್ತಿದ್ದೇನೆ ಎಂಬ ಆಕ್ಷೇಪ ಬರಬಹುದು. ನಕ್ಷೆ, ಖಗೋಳ ವೀಕ್ಷಣೆ, ಸಸ್ಯ ಮಾದರಿ, ಪದಪಟ್ಟಿಗಳು ದೊಡ್ಡ ಸಾಧನೆಯೇ ಹೌದು. ಆದರೆ 1803ರ ಜೂನ್ 20ರ ಸೂಚನಾಪತ್ರದಲ್ಲಿ ಜೆಫರ್ಸನ್ ಮುಂದಿಟ್ಟ ಗುರಿ ಪೆಸಿಫಿಕ್ ಸಾಗರದವರೆಗೆ ವಾಣಿಜ್ಯಕ್ಕಾಗಿ ಜಲಮಾರ್ಗ ಹುಡುಕುವುದು. ಜ್ಞಾನಸಂಗ್ರಹ ಅದರ ನೆರಳಲ್ಲೇ ಬರುತ್ತದೆ. ಜೊತೆಗೆ, ಅವರು ‘ಅಜ್ಞಾತ’ ಭೂಮಿಯನ್ನು ಅಳೆದರು ಎಂಬುದೂ ನಿಲ್ಲದು. ಬ್ಲ್ಯಾಕ್‌ಫೂಟ್ ಮುಖಂಡ ಆಕ್ಕೊಮೊಕ್ಕಿ 1801ರಲ್ಲಿ ಮಿಸೌರಿಯ ಮೇಲ್ಭಾಗ ಮತ್ತು ರಾಕಿ ಪರ್ವತಗಳ ನಕ್ಷೆಯನ್ನು ಹಡ್ಸನ್ಸ್ ಬೇ ಕಂಪನಿಯ ಪೀಟರ್ ಫಿಡ್ಲರನಿಗೆ ಬರೆದುಕೊಟ್ಟಿದ್ದ. ಅದು ಲಂಡನ್ನಿಗೆ ಹೋಗಿ ಆರೋಸ್ಮಿತ್ತನ 1802ರ ಭೂಪಟದಲ್ಲಿ ಸೇರಿ, ಆ ಭೂಪಟದ ಮೂಲಕ ಯಾತ್ರೆಯ ಸಿದ್ಧತೆಗೆ ಒದಗಿತು. 1804–05ರ ಚಳಿಗಾಲದಲ್ಲಿ ಹಿಡಾಟ್ಸಾ ಜನ ಮುಂದಿನ ಉಪನದಿಗಳನ್ನೂ ಮಹಾ ಜಲಪಾತವನ್ನೂ ವರ್ಣಿಸಿದ್ದರು. 1805ರ ಜೂನಿನಲ್ಲಿ ಎರಡು ಕವಲುಗಳ ಮುಂದೆ ತಂಡ ಗೊಂದಲಕ್ಕೆ ಬಿದ್ದಾಗ, ಆರಿಸಿದ ದಾರಿ ಸರಿಯೆಂದು ಖಚಿತವಾದದ್ದು ಆ ಜಲಪಾತ ಕಂಡ ಮೇಲೆ. ಪರ್ವತ ದಾಟಿದಾಗ ನೆಜ್ ಪರ್ಸ್ ಮುಖಂಡನೊಬ್ಬ ಮುಂದಿನ ನದಿಗಳನ್ನು ಎಲ್ಕ್ ಚರ್ಮದ ಮೇಲೆ ಬರೆದು ತೋರಿಸಿದ. ಇಷ್ಟು ಸೂಕ್ಷ್ಮವಾಗಿ ನೆಲವನ್ನು ಬಲ್ಲವರು ಅದನ್ನು ಬಳಸುತ್ತಿದ್ದರು, ಕಾಯುತ್ತಿದ್ದರು, ಅದಕ್ಕಾಗಿ ತಮ್ಮತಮ್ಮಲ್ಲಿ ಕಾದಾಡುತ್ತಲೂ ಇದ್ದರು.

ನೆಲ ಇನ್ನೂ ಕೊಳ್ಳಬೇಕಾಗಿತ್ತು ಎಂಬುದಕ್ಕೆ ಅತ್ಯಂತ ಗಟ್ಟಿ ಸಾಕ್ಷಿ ಮುಂದಿನ ಖರೀದಿಗಳು. 1805ರ ಸೆಪ್ಟೆಂಬರ್ 23ರಂದು ಲೆಫ್ಟಿನೆಂಟ್ ಝೆಬುಲನ್ ಪೈಕ್ ಕೋಟೆಯೊಂದಕ್ಕಾಗಿ ಮಿಸಿಸಿಪ್ಪಿ ಮತ್ತು ಮಿನ್ನೆಸೋಟಾ ನದಿಗಳ ಸಂಗಮದ ನೆಲವನ್ನು ಡಕೋಟಾ ಜನರಿಂದ ಬರೆಸಿಕೊಂಡ. ಅದರ ದೊಡ್ಡ ಭಾಗ ಎರಡು ವರ್ಷಗಳ ಹಿಂದೆ ಪ್ಯಾರಿಸ್ಸಿನಲ್ಲಿ ‘ಕೊಂಡ’ ಪ್ರದೇಶದ ಒಳಗೇ ಇತ್ತು. ಪೈಕ್ ಖಾಲಿ ಬಿಟ್ಟಿದ್ದ ಬೆಲೆಯ ಜಾಗದಲ್ಲಿ 1808ರಲ್ಲಿ ಸೆನೆಟ್ 2,000 ಡಾಲರ್ ತುಂಬಿತು. ಅದೇ ವರ್ಷ ಒಸೇಜ್ ಜನರಿಂದ ಇಂದಿನ ಮಿಸೌರಿ ರಾಜ್ಯದ ಬಹುಭಾಗವನ್ನೂ ಅರ್ಕಾನ್ಸಾದ ಉತ್ತರ ಭಾಗವನ್ನೂ ಪಡೆಯಲಾಯಿತು: 1,200 ಡಾಲರ್ ನಗದು, ವರ್ಷಕ್ಕೆ 1,500 ಡಾಲರಿನ ಸರಕು. ಆ ಒಪ್ಪಂದದ ಮೊದಲ ಕರಡನ್ನು ಮಾಡಿಸಿದವನು ಕ್ಲಾರ್ಕ್. ಅದನ್ನು ತಿದ್ದಿದವನು ಆಗ ಲೂಯಿಸಿಯಾನಾ ಪ್ರಾಂತ್ಯದ ಗವರ್ನರ್ ಆಗಿದ್ದ ಲೂಯಿಸ್. ಲೂಯಿಸ್ ಮರುವರ್ಷವೇ ತೀರಿಕೊಂಡ. ಕ್ಲಾರ್ಕ್ ಮಾತ್ರ 1838ರಲ್ಲಿ ಸಾಯುವವರೆಗೂ ಸೇಂಟ್ ಲೂಯಿಸಿನಲ್ಲಿ ಕುಳಿತು ಒಂದಾದ ಮೇಲೊಂದು ಭೂಒಪ್ಪಂದಗಳಿಗೆ ಸಹಿ ಹಾಕಿಸುತ್ತಲೇ ಇದ್ದ. ಯಾತ್ರೆಗಿಂತ ಈ ಕಡತಗಳ ಕೆಲಸವೇ ಅವನ ಬದುಕಿನ ಹೆಚ್ಚು ಪರಿಣಾಮಕಾರಿ ಭಾಗ ಎಂದು ನನ್ನ ತೀರ್ಮಾನ. ಅವನ ಜೀವನಚರಿತ್ರೆಗಳನ್ನು ಅಲ್ಲಿಂದ ಬರೆಯಲು ಆರಂಭಿಸಿದರೆ ಪಶ್ಚಿಮದ ಇತಿಹಾಸ ಹೆಚ್ಚು ನೇರವಾಗಿ ಅರ್ಥವಾದೀತು.

ಎರಡು ಗಂಭೀರ ಆಕ್ಷೇಪಗಳಿಗೆ ಉತ್ತರ ಕೊಡಬೇಕು. ಮೊದಲನೆಯದು ಕಾನೂನಿನದು. 1823ರ ಜಾನ್ಸನ್–ಮೆಕಿಂಟಾಷ್ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್, ಅಂತಿಮ ಒಡೆತನ ‘ಕಂಡುಹಿಡಿದ’ ಯುರೋಪಿಯನ್ ಶಕ್ತಿಯದು, ಮೂಲನಿವಾಸಿಗಳದು ಬರೀ ವಾಸದ ಹಕ್ಕು ಎಂದ. ಹಾಗಾದರೆ 1803ರಲ್ಲಿ ಒಡೆತನವೇ ಬಂತಲ್ಲವೇ? ಆದರೆ ಆ ತೀರ್ಪಿನ ಪ್ರಕಾರವೇ ವಾಸದ ಹಕ್ಕು ಖರೀದಿಯಿಂದಲೋ ಗೆಲುವಿನಿಂದಲೋ ಕಳಚಬೇಕು. ಅಲ್ಲಿಯವರೆಗೆ ‘ಅಂತಿಮ ಒಡೆಯ’ನಿಗೆ ಆ ನೆಲದಲ್ಲಿ ನೇಗಿಲು ಹೂಡುವ ಅಧಿಕಾರವಿಲ್ಲ. ಎರಡನೆಯ ಆಕ್ಷೇಪ ಇನ್ನೂ ತೂಕದ್ದು: ಆಮೇಲಿನ ಒಪ್ಪಂದಗಳು ಸಾಲ, ಹಸಿವು, ಬೆದರಿಕೆಗಳ ನಡುವೆ ಆದವು, ಅವನ್ನು ಖರೀದಿಯೆಂದು ಕರೆದರೆ ದೋಚುವಿಕೆಗೆ ಮರ್ಯಾದೆಯ ಹೊದಿಕೆ ಹೊದಿಸಿದಂತೆ. ಬಲಾತ್ಕಾರ ನಡೆಯಿತು ಎಂಬುದು ನಿಸ್ಸಂಶಯ. ಆದರೆ ನೆಲ 1803ರಲ್ಲೇ ಅಮೆರಿಕದ್ದಾಗಿತ್ತು ಎಂದು ಒಪ್ಪಿದರೆ ಬಲಾತ್ಕಾರವನ್ನು ಹೆಸರಿಸಲೂ ಆಗದು, ಏಕೆಂದರೆ ತನ್ನದನ್ನು ತಾನು ತೆಗೆದುಕೊಳ್ಳುವುದು ದೋಚುವಿಕೆಯಲ್ಲ. ಲಕೋಟಾ ಜನ ಹಿಡಿದದ್ದೂ ಇದೇ ಎಳೆಯನ್ನು. ಲೂಯಿಸಿಯಾನಾ ವ್ಯವಹಾರದ ಗಡಿಯೊಳಗಿದ್ದ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳನ್ನು 1868ರ ಫೋರ್ಟ್ ಲಾರಮಿ ಒಪ್ಪಂದ ಅವರಿಗೇ ಉಳಿಸಿತ್ತು. 1874ರಲ್ಲಿ ಅಲ್ಲಿ ಚಿನ್ನ ಕಂಡಿತು, 1877ರಲ್ಲಿ ಕಾಂಗ್ರೆಸ್ ಅವನ್ನು ಕಸಿದುಕೊಂಡಿತು. 1980ರಲ್ಲಿ ಸುಪ್ರೀಂ ಕೋರ್ಟ್ ಇದು ನ್ಯಾಯಯುತ ಪರಿಹಾರವಿಲ್ಲದ ವಶ ಎಂದು ತೀರ್ಪಿತ್ತು, 1877ರಿಂದಲೇ ಬಡ್ಡಿ ಸೇರಿಸಿ 10 ಕೋಟಿ ಡಾಲರಿಗೂ ಮಿಗಿಲಾದ ಪರಿಹಾರವನ್ನು ಎತ್ತಿಹಿಡಿಯಿತು. ತಾವು ಮಾರದ ನೆಲಕ್ಕೆ ಬೆಲೆ ಪಡೆಯುವುದಿಲ್ಲವೆಂದು, ನೆಲವೇ ಹಿಂದಿರುಗಬೇಕೆಂದು, ಆ ಹಣವನ್ನು ಲಕೋಟಾ ರಾಷ್ಟ್ರಗಳು ನಿರಾಕರಿಸಿದವು.