ಸೃಷ್ಟಿಶ್ರುತಿಗಳ ಸಮನ್ವಯ
ತೈತ್ತಿರೀಯೋಪನಿಷತ್ತು (2.1) ಆತ್ಮನಿಂದ ಆಕಾಶವೂ ಅದರಿಂದ ವಾಯುವೂ ಬಳಿಕ ಅಗ್ನಿಯೂ ಹುಟ್ಟಿದುವೆನ್ನುತ್ತದೆ, ಛಾಂದೋಗ್ಯವಾದರೋ (6.2) ಸತ್ತಿನಿಂದ ತೇಜಸ್ಸು ಹುಟ್ಟಿದುದನ್ನು ಹೇಳಿ ಆಕಾಶವಾಯುಗಳ ಮಾತನ್ನೇ ಎತ್ತುವುದಿಲ್ಲ. ಶ್ರುತಿಯು ತನ್ನನ್ನು ತಾನೇ ಅಲ್ಲಗಳೆದರೆ ಅದರ ಪ್ರಾಮಾಣ್ಯಕ್ಕೇ ಹಾನಿ. ಬ್ರಹ್ಮಸೂತ್ರದ ವಿಯದಧಿಕರಣವು (2.3.1-7) ಹೊರಟಿರುವುದು ಈ ಸಂಕಟದಿಂದ. ಆಕಾಶವು ನಿತ್ಯವೆಂಬ ವೈಶೇಷಿಕಮತವನ್ನು ನೆಚ್ಚಿದ ಪೂರ್ವಪಕ್ಷಿಯು ತೈತ್ತಿರೀಯವಚನವನ್ನು ಗೌಣವೆಂದು ತಳ್ಳುತ್ತಾನೆ. ಇದಕ್ಕೆ ಉತ್ತರವು ಛಾಂದೋಗ್ಯದಿಂದಲೇ ದೊರೆಯುವುದು ಸ್ವಾರಸ್ಯವಾಗಿದೆ: ಒಂದನ್ನರಿತರೆ ಎಲ್ಲವನ್ನೂ ಅರಿತಂತೆ ಎಂಬ ಪ್ರತಿಜ್ಞೆ ಅಲ್ಲಿಯದು; ಆಕಾಶವು ಹುಟ್ಟಿಲ್ಲದ ಬೇರೊಂದು ವಸ್ತುವಾದರೆ ಆ ಪ್ರತಿಜ್ಞೆಯೇ ಮುರಿಯುವುದು. ಆಕಾಶವಾಯುಗಳನ್ನು ಸೃಜಿಸಿದ ಬಳಿಕ ತೇಜಸ್ಸನ್ನು ಸೃಜಿಸಿತೆಂದು ಶಂಕರಾಚಾರ್ಯರು ಎರಡನ್ನೂ ಕೂಡಿಸಿ ಓದುತ್ತಾರೆ. ಛಾಂದೋಗ್ಯದಲ್ಲಿ ತೇಜಸ್ಸೇ ಮೊದಲೆಂಬ ಮಾತಿಲ್ಲವಷ್ಟೆ. ಆದರೂ ಅವರ ಭಾರವೆಲ್ಲ ಕ್ರಮದ ಮೇಲಿಲ್ಲ. ಕಾರ್ಯಗಳಲ್ಲಿ ಭೇದವಿದ್ದರೂ ಕಾರಣವಾದ ಬ್ರಹ್ಮದಲ್ಲಿ ಭೇದವಿಲ್ಲವೆಂದು 1.4.14ರ ಭಾಷ್ಯದಲ್ಲಿ ನಿರ್ಣಯಿಸಿ, ಸೃಷ್ಟಿಕಥನವು ಬೋಧೆಗೆ ಉಪಾಯಮಾತ್ರವೆಂಬ ಗೌಡಪಾದಕಾರಿಕೆಯನ್ನು (3.15) ಸಂಪ್ರದಾಯವಿದರ ಮಾತೆಂದು ಅಲ್ಲಿಯೇ ಉದಾಹರಿಸಿದ್ದಾರೆ. ಸೃಷ್ಟಿಯನ್ನು ಸತ್ಯವೆಂದೇ ಎಣಿಸುವ ರಾಮಾನುಜ, ಮಧ್ವ ಸಂಪ್ರದಾಯಗಳಿಗೆ ಈ ಕೊನೆಯ ಹೆಜ್ಜೆ ಸಮ್ಮತವಲ್ಲ.