ಹೆಸರಿಲ್ಲದೆ ಗೆದ್ದವರು

ಫೋರ್ಟ್ ಅಂದರೆ ನಮ್ಮ ಮುಂಬೈ ಕನ್ನಡಿಗರಿಗೆ ನೆನಪಾಗುವುದು ಉಡುಪಿ ಹೋಟೆಲು, ಬ್ಯಾಂಕು, ರಾತ್ರಿ ಶಾಲೆ. ನಾನೂ ವರ್ಷಗಟ್ಟಲೆ ಅಲ್ಲಿನ ಹೈಕೋರ್ಟಿನ ಮುಂದೆ ಓಡಾಡಿದವನು. 1878ರಲ್ಲಿ ಎದ್ದ ಆ ಕಲ್ಲಿನ ಕಟ್ಟಡದಲ್ಲಿ 1997ರಲ್ಲಿ ಒಬ್ಬ ದಿನಗೂಲಿ ಕಾರ್ಮಿಕ ಹೆಸರು ಹೇಳದೆ ಮೊಕದ್ದಮೆ ಗೆದ್ದ ಕಥೆ ಎಷ್ಟು ಜನರಿಗೆ ಗೊತ್ತು?

ಅದಕ್ಕೆ ಬರುವ ಮೊದಲು ಸ್ವಲ್ಪ ಹಿಂದೆ ಹೋಗೋಣ. ಮುನ್ಸಿಪಲ್ ಕಮಿಷನರ್ ಎಚ್. ಎ. ಆಕ್ವರ್ತ್ ಸಾರ್ವಜನಿಕರಿಂದ ಚಂದಾ ಎತ್ತಿ, 1890ರಲ್ಲಿ ಮಾಟುಂಗಾದಲ್ಲಿ ನಿರ್ಗತಿಕ ಕುಷ್ಠರೋಗಿಗಳಿಗೊಂದು ಆಶ್ರಯ ತೆರೆದರು. ಬೀದಿಯಲ್ಲಿ ಭಿಕ್ಷೆ ಬೇಡುತ್ತಿದ್ದವರನ್ನು ಅಲ್ಲಿಗೆ ಸಾಗಿಸಿದರು. ಅದೇ ಈಗಿನ ವಡಾಲಾದ ಆಕ್ವರ್ತ್ ಆಸ್ಪತ್ರೆ. ಆಮೇಲೆ 1898ರ ಕುಷ್ಠರೋಗಿಗಳ ಕಾಯಿದೆ ಬಂತು. ವಾರಂಟ್ ಇಲ್ಲದೆ ಪೊಲೀಸರು ಹಿಡಿಯಬಹುದಾಗಿದ್ದದ್ದು ಯಾರನ್ನು ಗೊತ್ತೇ? ಬಡ ರೋಗಿಯನ್ನು ಮಾತ್ರ! ಅಂದರೆ ರೋಗದ ಜೊತೆ ಬಡತನವೂ ಸೇರಿದರೆ ಅಪರಾಧ. 1980ರ ದಶಕದಲ್ಲಿ ಬಹುಔಷಧ ಚಿಕಿತ್ಸೆ ಬಂದು ರೋಗ ಪೂರ್ತಿ ವಾಸಿಯಾಗತೊಡಗಿತು. ಕಾಯಿದೆ ಮಾತ್ರ ರದ್ದಾದದ್ದು 2016ರಲ್ಲಿ.

ಈಗ ಆ ಕಾರ್ಮಿಕನ ವಿಷಯ. ಸರ್ಕಾರಿ ಒಡೆತನದ ಒಂದು ಸಂಸ್ಥೆಯಲ್ಲಿ ದುಡಿಯುತ್ತಿದ್ದ. ಕಾಯಂ ಮಾಡುವ ಮೊದಲು ಪರೀಕ್ಷೆ ಮಾಡಿಸಿದರು, ಎಚ್‌ಐವಿ ಇದೆ ಎಂದು ಗೊತ್ತಾಯಿತು, ಕೆಲಸ ಹೋಯಿತು. ಮೈಯಲ್ಲಿ ಶಕ್ತಿಯಿತ್ತು, ಕೆಲಸ ಮಾಡಬಲ್ಲವನಾಗಿದ್ದ. ಕೆಲಸ ಮಾಡುವ ಶಕ್ತಿ ಇದ್ದು, ಇತರರಿಗೆ ಅಪಾಯವಿಲ್ಲದಿದ್ದರೆ ಎಚ್‌ಐವಿ ಇದೆ ಎಂಬ ಒಂದೇ ಕಾರಣಕ್ಕೆ ಕೆಲಸ ನಿರಾಕರಿಸುವಂತಿಲ್ಲ ಎಂದಿತು ಹೈಕೋರ್ಟು. ಅವನ ಗುರುತನ್ನೂ ಮುಚ್ಚಿಟ್ಟಿತು. ಹಾಗಾಗಿ ದಾಖಲೆಯಲ್ಲಿ ಅವನು ಬರೀ ‘ಎಂಎಕ್ಸ್’.

ಇಲ್ಲಿಗೆ ಕಥೆ ಸುಖಾಂತ್ಯ ಅನ್ನಿಸಬಹುದು. ಆದರೆ ಇವರಿಗೆ ವಯಸ್ಸಾದರೆ? 2004ರ ಏಪ್ರಿಲ್‌ನಲ್ಲಿ ಸರ್ಕಾರ ಉಚಿತ ಎಆರ್‌ಟಿ ಔಷಧ ಕೊಡಲು ಶುರುಮಾಡಿದಾಗ ನಲವತ್ತು ದಾಟಿದ್ದವರು ಈಗ ಅರವತ್ತು ದಾಟಿದ್ದಾರೆ. ಔಷಧ ಅವರನ್ನು ಉಳಿಸಿತು. ಮುಪ್ಪಿನಲ್ಲಿ ಯಾರು ನೋಡಿಕೊಳ್ಳಬೇಕು?

ಕಾಯಿದೆಗಳೇನೋ ಇವೆ. 2018ರಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯಿದೆ ಪ್ರಕಾರ, ಆರೈಕೆ ಕೊಡುವ ಸಂಸ್ಥೆ ಈ ಕಾರಣಕ್ಕೆ ಯಾರನ್ನೂ ಹೊರಹಾಕುವಂತಿಲ್ಲ. 2007ರ ಹಿರಿಯ ನಾಗರಿಕರ ಕಾಯಿದೆಯಡಿ ಮಕ್ಕಳಿಂದ ಜೀವನಾಂಶ ಕೇಳಬಹುದು. ಆದರೆ ಕೆಲಸ ಕೇಳುವಾಗ ಹೆಸರು ಮುಚ್ಚಿಡಬಹುದು. ಹೆತ್ತ ಮಗನಿಂದ ಅನ್ನ ಕೇಳುವಾಗ ಅಪ್ಪನ ಹೆಸರು ಮುಚ್ಚಿಡುವುದು ಹೇಗೆ? ಮೊಮ್ಮಗಳ ಮದುವೆಗೆ ಅಡ್ಡಿಯಾದೀತೆಂದು ತಾನಾಗಿಯೇ ಮನೆ ಬಿಟ್ಟು ದೂರ ಉಳಿದ ಅಜ್ಜಿ ಟ್ರಿಬ್ಯುನಲ್ ಮೆಟ್ಟಿಲು ಹತ್ತುತ್ತಾಳೆಯೇ? ಕುಷ್ಠ ವಾಸಿಯಾಗಿಯೂ ಊರಿಗೆ ಮರಳಲಾಗದ ಮುದುಕರ ಪಾಡೂ ಇದೇ.

ಸಮಾಜಸೇವೆ ಬೇಕಾಗಿರುವುದು ಇಲ್ಲೇ. ಸ್ವತಃ ಅರ್ಜಿ ಹಾಕಲಾಗದ ಹಿರಿಯರ ಪರವಾಗಿ, ಅವರು ಒಪ್ಪಿದ ವ್ಯಕ್ತಿ ಅಥವಾ ಸಂಸ್ಥೆ ಅರ್ಜಿ ಹಾಕಬಹುದು ಎಂದು 2007ರ ಕಾಯಿದೆಯೇ ಹೇಳುತ್ತದೆ. ಅಂಥವರ ಜೊತೆ ಹೋಗಿ, ಮನೆಯವರ ಹತ್ತಿರ ಕೂತು, ರೋಗ ಹೀಗೆ ಹರಡುವುದಿಲ್ಲ ಮಾರಾಯ್ರೆ ಎಂದು ತಿಳಿಹೇಳುವವರು ಬೇಕು. ಮುಂಬೈಯಲ್ಲಿ ನಮ್ಮ ಕನ್ನಡ ಸಂಘಗಳಿಗೇನು ಕೊರತೆಯಿಲ್ಲ. ವಾರ್ಷಿಕೋತ್ಸವದ ಶಾಲು-ಹಾರದ ನಡುವೆ ಈ ಕೆಲಸಕ್ಕೂ ಒಂದಿಬ್ಬರು ಸಿಕ್ಕಾರೇ... ಏನಂತೀರಿ?